ಎರಕದ ಸೀಸದ ಗುಂಡಿಗೆ ತಾಮ್ರಬಣ್ಣದ ಪೌಡರ್ ಕೋಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸವಿರುವ ಅನೇಕರು ತಮ್ಮ ಗುಂಡುಗಳನ್ನು ತಾವೇ ಎರಕ ಹೊಯ್ದುಕೊಳ್ಳುತ್ತಾರೆ. ಹತ್ತು ಹದಿನೈದು ವರ್ಷಗಳಿಂದ ಈಚೆಗೆ ಆ ಗುಂಡುಗಳಿಗೆ ಮೇಣದ ಬದಲು ಪೌಡರ್ ಕೋಟಿಂಗ್ (ಒಣ ಬಣ್ಣದ ಪುಡಿಯನ್ನು ಅಂಟಿಸಿ ಓವನ್ನಿನಲ್ಲಿ ಕರಗಿಸಿ ಮಾಡುವ ಪೊರೆ) ಬಳಿಯುವುದು ವಾಡಿಕೆಯಾಗಿದೆ. ಇಲ್ಲಿರುವ ಕನ್ನಡಿಗರಲ್ಲೂ ಕೆಲವರಿಗೆ ಈ ಗೀಳು ಹತ್ತಿದೆ. ಅವರು ಮತ್ತು ಊರಿನ ನೆಂಟರಿಷ್ಟರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮದ್ದಿನ ಅಳತೆ, ಕಾಡತೂಸು ತುಂಬುವ ವಿಧಾನ ಇವು ಇಲ್ಲಿಲ್ಲ. ಅದಕ್ಕೆ ಅಚ್ಚಾದ ಕೈಪಿಡಿಗಳೇ ಆಧಾರ.

### ಮೊದಲು ತಿಳಿಯಬೇಕಾದದ್ದು

ಗುಂಡು ತಾಮ್ರದ ಬಣ್ಣಕ್ಕಿದೆ ಎಂದರೆ ಅದು ತಾಮ್ರವೇ ಅಲ್ಲವೇ?

ಅಂಗಡಿಯಿಂದ ಕೊಂಡ ಗುಂಡಾದರೆ ಸಾಮಾನ್ಯವಾಗಿ ಹೌದು. ಅದರ ಹೊದಿಕೆ ಸುಮಾರು 95 ಪಾಲು ತಾಮ್ರ, 5 ಪಾಲು ಸತು ಬೆರೆತ ಮಿಶ್ರಲೋಹ. ಮನೆಯಲ್ಲಿ ಪೌಡರ್ ಕೋಟ್ ಮಾಡಿದ ತಾಮ್ರಬಣ್ಣದ ಗುಂಡಿನ ಮೈಮೇಲೆ ಇರುವುದು ಪ್ಲಾಸ್ಟಿಕ್ಕಿನ ಜಾತಿಯ ಪಾಲಿಯೆಸ್ಟರ್ ಪೊರೆ. ಹೊಳಪು ಕೊಡುವುದು ಅದರೊಳಗಿನ ಅಭ್ರಕದ ಅಥವಾ ಲೋಹದ ಸಣ್ಣ ಚಕ್ಕೆಗಳು. ಬಣ್ಣ ಕಿತ್ತು ಹಾಕಿದರೆ ಒಳಗಿರುವುದು ಅದೇ ಬೂದು ಸೀಸ. ಈ ವ್ಯತ್ಯಾಸವನ್ನು ಮರೆತವರೇ ಮುಂದಿನ ಅರ್ಧದಷ್ಟು ಪ್ರಶ್ನೆಗಳನ್ನು ಕೇಳುತ್ತಾರೆ.

ಬರಿಯ ಸೀಸದ ಗುಂಡು ಹಾರಿಸಿದರೆ ಏನಾಗುತ್ತದೆ? ಲೇಪ ಏಕೆ ಬೇಕು?

ಕೋವಿಯ ನಳಿಕೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳ ನಡುವೆ ಒತ್ತಿಕೊಂಡು ತಿರುಗುತ್ತ ಹೊರಬೀಳುತ್ತದೆ. ಸೀಸ ಮೆತ್ತನೆಯ ಲೋಹ. ಹಿಂದಿನಿಂದ ನುಗ್ಗುವ ಬಿಸಿ ಅನಿಲ ಗುಂಡಿನ ಅಂಚಿನಲ್ಲಿ ಸಂದು ಸಿಕ್ಕಲ್ಲಿ ಸೀಸವನ್ನು ಕೊಯ್ದು ನಳಿಕೆಗೆ ಮೆತ್ತುತ್ತದೆ. ಮೆತ್ತಿದ ಸೀಸ ಗುರಿ ಕೆಡಿಸುತ್ತದೆ, ಅದನ್ನು ಉಜ್ಜಿ ತೆಗೆಯುವುದೂ ಬೇಸರದ ಕೆಲಸ.

1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದು ಗುಂಡಿನ ವೇಗ ಏರಿದಾಗ ಈ ತೊಂದರೆ ಅಸಹನೀಯವಾಯಿತು. ಸ್ವಿಟ್ಜರ್ಲೆಂಡಿನ ಥೂನ್ ಎಂಬಲ್ಲಿ ಸೇನಾಧಿಕಾರಿ ಎಡುವಾರ್ಡ್ ರೂಬಿನ್ 1882ರ ಹೊತ್ತಿಗೆ ರೂಪಿಸಿದ ತಾಮ್ರದ ಹೊದಿಕೆಯ ಗುಂಡು ಅದಕ್ಕೆ ಸಿಕ್ಕ ಉತ್ತರ. ಮನೆಯಲ್ಲಿ ಎರಕ ಹೊಯ್ಯುವವರು ಮಾತ್ರ ಗುಂಡಿನ ಮೈಯ ಕಾಲುವೆಗಳಲ್ಲಿ ಜೇನುಮೇಣ ಬೆರೆಸಿದ ಜಿಡ್ಡನ್ನು ತುಂಬುತ್ತ ಕಾಲ ತಳ್ಳಿದರು. ಪೌಡರ್ ಕೋಟಿಂಗ್ ಆ ಜಿಡ್ಡಿನ ಜಾಗಕ್ಕೆ ಬಂದದ್ದು. ಸೀಸಕ್ಕೂ ನಳಿಕೆಗೂ ನಡುವೆ ಗಟ್ಟಿ ಪೊರೆ ನಿಲ್ಲುತ್ತದೆ, ಹೊಗೆ ಕಡಿಮೆಯಾಗುತ್ತದೆ, ಕೈಗೆ ಅಂಟುವುದಿಲ್ಲ.

ಇದು ಹೊಸ ಆವಿಷ್ಕಾರವೇ?

ಮನೆಯ ಹವ್ಯಾಸವಾಗಿ ಹೊಸದು, ವಿಚಾರವಾಗಿ ಅಲ್ಲ. ಪುಡಿಯನ್ನು ಲೋಹದ ಮೇಲೆ ಕರಗಿಸಿ ಪೊರೆ ಮಾಡುವ ತಂತ್ರ 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಅವರಿಂದ ಉದ್ಯಮಕ್ಕೆ ಬಂತು. ಬೆಂಗಳೂರಿನ ಪೀಣ್ಯದಲ್ಲಿ ಕಿಟಕಿ ಚೌಕಟ್ಟು, ವಿದ್ಯುತ್ ಪ್ಯಾನೆಲ್, ಬೈಕಿನ ಭಾಗಗಳಿಗೆ ಬಳಿಯುವುದು ಇದೇ ಜಾತಿಯ ಪುಡಿ. ಗುಂಡಿಗೆ ನೈಲಾನ್ ಹೊದಿಸಿದ ನೈಕ್ಲ್ಯಾಡ್ ಸರಕನ್ನು ಮೊದಲು ಸ್ಮಿತ್ ಆ್ಯಂಡ್ ವೆಸ್ಸನ್, ಆಮೇಲೆ ಫೆಡರಲ್ ಕಂಪನಿ ಮಾರಿದವು. ಫೆಡರಲ್ 2016ರಲ್ಲಿ ಕೆಂಪು ಪಾಲಿಮರ್ ಹೊದಿಕೆಯ ಸಿಂಟೆಕ್ ಗುಂಡುಗಳನ್ನು ಮಾರುಕಟ್ಟೆಗೆ ತಂದಿತು.

ಕರ್ನಾಟಕದಲ್ಲಿ ನಾನೂ ಇದನ್ನು ಮಾಡಬಹುದೇ? ಕೊಡಗಿನಲ್ಲಿ ಕೋವಿಗೆ ವಿನಾಯಿತಿ ಇದೆಯಲ್ಲ?

ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಮದ್ದುಗುಂಡು ಎಂಬುದರಲ್ಲಿ ಅದರ ಬಿಡಿಭಾಗಗಳನ್ನೂ ತಯಾರಿಸುವ ಯಂತ್ರಗಳನ್ನೂ ಕಾಯ್ದೆ ಸೇರಿಸಿದೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ.

ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ (2029ರವರೆಗೆ ವಿಸ್ತರಣೆಯಾಗಿದೆ) ಕೋವಿಯನ್ನು ಇಟ್ಟುಕೊಳ್ಳುವ, ಒಯ್ಯುವ ಬಗೆಗಿನದು. ಗುಂಡು ತಯಾರಿಸುವ ಹಕ್ಕನ್ನು ಅದು ಕೊಡುವುದಿಲ್ಲ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಮನೆಯೇ ಆದರೂ ಒಲೆಯ ಮೇಲೆ ಸೀಸ ಕರಗಿಸುವುದಕ್ಕೆ ಅವಕಾಶವಿಲ್ಲ.

ನಾನು ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದೇನೆ. ಗೆಳೆಯನ ಗ್ಯಾರೇಜಿನಲ್ಲಿ ಗುಂಡು ಎರಕ ಹೊಯ್ಯಬಹುದೇ?

ಇದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ. ವಲಸೆಯೇತರ ವೀಸಾದಲ್ಲಿರುವವರು (ಎಚ್-1ಬಿ, ಎಚ್-4, ಎಫ್-1 ಎಲ್ಲವೂ ಸೇರಿ) ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಅವುಗಳಲ್ಲಿ ಮುಖ್ಯವಾದದ್ದು. ಆ ಕಾನೂನಿನ ವ್ಯಾಖ್ಯೆಯಲ್ಲಿ ಬಿಡಿ ಗುಂಡು ಕೂಡ ಮದ್ದುಗುಂಡೇ. ಮದ್ದು ತುಂಬಿಲ್ಲ, ಬರೀ ಸೀಸದ ತುಂಡು ಎಂಬ ವಾದ ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ, ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ವಕೀಲರನ್ನು ಕೇಳಿ, ಗೆಳೆಯನನ್ನಲ್ಲ.

ಇನ್ನೊಂದು ಮಾತು. ಊರಿಗೆ ಹೊರಡುವ ಮುನ್ನ ಚೀಲದ ಎಲ್ಲ ಜೇಬುಗಳನ್ನೂ ತಡವಿ ನೋಡಿ. ಕೆಂಪೇಗೌಡ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದು ಕಾಡತೂಸು ಸಿಕ್ಕರೂ ರಜೆಯೆಲ್ಲ ಠಾಣೆಗೆ ಅಲೆದಾಟದಲ್ಲೇ ಕಳೆದೀತು.

### ಕೆಲಸಕ್ಕೆ ಕೈಹಾಕುವವರಿಗೆ

ಲೇಪ ಬಳಿದ ಮೇಲೆ ಸೀಸದ ಭಯ ಇಲ್ಲ ತಾನೆ? ಅಡುಗೆಮನೆಯ ಓವನ್ ಬಳಸಬಹುದೇ?

ಸೀಸದ ಭಯ ಇದ್ದೇ ಇದೆ, ಅಡುಗೆಮನೆಯ ಓವನ್ ಬಳಸಲೇಬಾರದು. ಗುಂಡು ಸುಟ್ಟ ಓವನ್ನಿನಲ್ಲಿ ಮತ್ತೆಂದೂ ಆಹಾರ ಬೇಯಿಸಬಾರದು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟೋಸ್ಟರ್ ಓವನ್ ತಂದು, ಗ್ಯಾರೇಜಿನಲ್ಲಿಟ್ಟು, ಅದರ ಮೇಲೆ ದೊಡ್ಡದಾಗಿ ಬರೆದಿಡಿ.

ಕರಗಿದ ಸೀಸದಿಂದ ಏಳುವ ಆವಿಗಿಂತ ಹೆಚ್ಚು ಅಪಾಯ ತರುವುದು ಧೂಳು. ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ ಪುಡಿಪುಡಿಯಾಗಿ ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಕೆಲಸದ ಬಟ್ಟೆ ಬೇರೆ ಇರಲಿ, ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ, ಆ ಜಾಗದಲ್ಲಿ ಕಾಫಿಯನ್ನೂ ಕುಡಿಯಬೇಡಿ. ಮಕ್ಕಳ ರಕ್ತದಲ್ಲಿ ಸೀಸ ಒಂದು ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ತಲುಪಿದರೆ ಗಮನಿಸಬೇಕು ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಿತಿಯನ್ನು ಇಳಿಸಿತು. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಈ ಹವ್ಯಾಸವನ್ನು ಕೆಲವು ವರ್ಷ ಮುಂದೂಡುವುದು ನನ್ನ ಸಲಹೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಲೇಪ ಕೈಗೆ ತಾಗುವ ಸೀಸವನ್ನು ಕಡಿಮೆ ಮಾಡುವುದು ನಿಜ. ಆದರೆ ಕಾಡತೂಸಿನ ಹಿಂಬದಿಯ ಕಿಡಿಬಿಲ್ಲೆಯಲ್ಲೇ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಗಾಳಿಯಾಡದ ಒಳಾಂಗಣ ಮೈದಾನದಲ್ಲಿ ಅದೂ ಉಸಿರಿಗೆ ಸೇರುತ್ತದೆ.

ಎರಕಕ್ಕೆ ಯಾವ ಸೀಸ ಒಳ್ಳೆಯದು?

ಅಪ್ಪಟ ಸೀಸ ತೀರ ಮೆದು. ಅದರ ಬ್ರಿನೆಲ್ ಗಡಸುತನ (ಅಂಕಿ ಹೆಚ್ಚಿದಷ್ಟೂ ಲೋಹ ಗಟ್ಟಿ) 5ರ ಆಸುಪಾಸು. ಹಳೆಯ ಕಾರುಗಳ ಚಕ್ರಕ್ಕೆ ಸಿಕ್ಕಿಸುತ್ತಿದ್ದ ಸಮತೋಲನದ ತೂಕಗಳಲ್ಲಿ ಸ್ವಲ್ಪ ಆಂಟಿಮನಿ ಇರುವುದರಿಂದ ಅದು 12ರ ಹತ್ತಿರ ಬರುತ್ತದೆ. 90 ಪಾಲು ಸೀಸ, 5 ತವರ, 5 ಆಂಟಿಮನಿ ಬೆರೆತ ಲೈಮನ್ ನಂಬರ್ 2 ಮಿಶ್ರಣದ್ದು 15. ಪತ್ರಿಕೆಯ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಲೈನೊಟೈಪ್ ಯಂತ್ರದ ಲೋಹದ್ದು 22ರಷ್ಟು. ಅದರಲ್ಲಿ 84 ಸೀಸ, 12 ಆಂಟಿಮನಿ, 4 ತವರ. ಮುದ್ರಣಾಲಯದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಸಂತಾನ. ಅಮೆರಿಕದಲ್ಲಿ ಮುಚ್ಚಿದ ಪತ್ರಿಕಾ ಕಚೇರಿಗಳ ಅಕ್ಷರಗಳೆಲ್ಲ ಹವ್ಯಾಸಿಗಳ ಕುಲುಮೆಗೆ ಸೇರಿದವು. ಮೊಳೆ ಜೋಡಿಸುವ ಪ್ರೆಸ್ಸಿನ ಸದ್ದಿನಲ್ಲಿ ಬೆಳೆದ ನನ್ನಂಥವರಿಗೆ ಅದು ತುಸು ಸಂಕಟದ ವಿಷಯವೇ.

ಪೌಡರ್ ಕೋಟಿಂಗಿನ ದೊಡ್ಡ ಲಾಭ ಇಲ್ಲಿದೆ. ಪೊರೆ ಇರುವುದರಿಂದ ಪಿಸ್ತೂಲಿನ ಸಾಧಾರಣ ವೇಗಕ್ಕೆ ದುಬಾರಿ ಗಡಸು ಮಿಶ್ರಣ ಬೇಕಾಗುವುದಿಲ್ಲ.

ಡಬ್ಬಿಯಲ್ಲಿ ಹಾಕಿ ಕುಲುಕುವುದಷ್ಟೇ ಎನ್ನುತ್ತಾರೆ. ನಿಜವಾಗಿ ಹೇಗೆ ಮಾಡುವುದು?

ಕುಲುಕುವುದೇ. ಆದರೆ ಅದರ ಹಿಂದೆ ಸ್ಥಿರವಿದ್ಯುತ್ತಿನ ಕೆಲಸವಿದೆ. ಪಾಲಿಪ್ರೊಪಿಲೀನ್ ಡಬ್ಬಿ (ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುತ್ತದೆ) ತೆಗೆದುಕೊಳ್ಳಿ. ಆಟದ ಬಂದೂಕಿನ 6 ಮಿಲಿಮೀಟರ್ ಪ್ಲಾಸ್ಟಿಕ್ ಗೋಲಿಗಳನ್ನು ತಳ ಮುಚ್ಚುವಷ್ಟು ಸುರಿಯಿರಿ. ಕಪ್ಪು ಗೋಲಿಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದು ಹವ್ಯಾಸಿಗಳ ಸಾಮಾನ್ಯ ಅನುಭವ. ಒಂದೆರಡು ಚಮಚ ಪುಡಿ, ಒಂದು ಹಿಡಿ ಗುಂಡು. ಮುಚ್ಚಳ ಬಿಗಿದು ಒಂದು ನಿಮಿಷದ ಹೊತ್ತು ವೃತ್ತಾಕಾರವಾಗಿ ತಿರುಗಿಸಿ. ಉಜ್ಜಾಟದಿಂದ ಪುಡಿಗೆ ವಿದ್ಯುದಂಶ ಬಂದು ಅದು ಸೀಸಕ್ಕೆ ಕಚ್ಚಿಕೊಳ್ಳುತ್ತದೆ. ಗುಂಡು ಹೊರಗೆ ಬಂದಾಗ ಕಡಲೆಹಿಟ್ಟಿನಲ್ಲಿ ಹೊರಳಿಸಿದಂತೆ ಕಾಣಬೇಕು.

ಅದನ್ನು ಬೆರಳಿನಿಂದ ಮುಟ್ಟಬೇಡಿ, ಚಿಮುಟದಿಂದ ಎತ್ತಿ. ಎತ್ತಿದ ಮೇಲೆ ಚಿಮುಟದ ಹಿಡಿಯನ್ನು ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿದರೆ ಹೆಚ್ಚಿನ ಪುಡಿ ಉದುರುತ್ತದೆ. ಅಂಟದ ಹಾಳೆ ಹಾಸಿದ ತಟ್ಟೆಯ ಮೇಲೆ ತಳ ಕೆಳಗಾಗಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಚಿಮುಟ ಹಿಡಿದ ಜಾಗದಲ್ಲಿ ಎರಡು ಚುಕ್ಕೆ ಬೋಳಾಗಿ ಕಂಡರೆ ಚಿಂತೆ ಬೇಡ, ಪುಡಿ ಕರಗಿ ಹರಿದಾಗ ಬಹುಪಾಲು ಮುಚ್ಚಿಕೊಳ್ಳುತ್ತದೆ. ಈ ಕೆಲಸಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಧೂಳು ಮಾಸ್ಕ್ ಕಡ್ಡಾಯ. ಗಾಳಿಯಲ್ಲಿ ತೇಲುವ ಪುಡಿ ಬೆಂಕಿ ಹತ್ತಿ ಸ್ಫೋಟಿಸಬಲ್ಲದು, ಒಲೆಯ ಬಳಿ ಡಬ್ಬಿ ತೆರೆಯಬೇಡಿ.

ಪುಡಿ ಅಂಟುವುದೇ ಇಲ್ಲ, ಅಲ್ಲಲ್ಲಿ ಬೋಳಾಗಿ ಉಳಿಯುತ್ತದೆ. ಏಕೆ?

ಹವೆಯಲ್ಲಿ ತೇವ ಇದ್ದರೆ ವಿದ್ಯುದಂಶ ನಿಲ್ಲುವುದಿಲ್ಲ. ಅರಿಜೋನಾದ ಒಣಹವೆಯಲ್ಲಿ ಸಲೀಸಾಗಿ ಆಗುವ ಕೆಲಸ ಹ್ಯೂಸ್ಟನ್ನಿನ ಆಗಸ್ಟ್ ತಿಂಗಳಲ್ಲಿ ಸತಾಯಿಸುತ್ತದೆ. ಗುಂಡನ್ನು ತುಸು ಬೆಚ್ಚಗೆ ಮಾಡಿಕೊಂಡರೆ, ಪುಡಿಯ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಚೀಲ ಇಟ್ಟರೆ ಅನುಕೂಲ. ಎರಡನೆಯ ಕಾರಣ ಜಿಡ್ಡು. ಅಚ್ಚಿಗೆ ಹಚ್ಚಿದ ಎಣ್ಣೆ, ಬೆರಳಿನ ಬೆವರು ಸಾಕು. ಒಮ್ಮೆ ಮೇಣ ಸವರಿದ ಗುಂಡನ್ನು ಚೆನ್ನಾಗಿ ತೊಳೆಯದೆ ಬಳಸಲೇಬೇಡಿ.

ಎಷ್ಟು ಬಿಸಿ, ಎಷ್ಟು ಹೊತ್ತು?

ಹೆಚ್ಚಿನ ಪಾಲಿಯೆಸ್ಟರ್ ಪುಡಿಗಳಿಗೆ 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 204 ಡಿಗ್ರಿ ಸೆಲ್ಸಿಯಸ್. ಸಮಯ 20 ನಿಮಿಷದ ಆಸುಪಾಸು. ಪುಡಿಯ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ಅಲ್ಲಿ ಬರೆದಿರುವುದು ಲೋಹ ಆ ಬಿಸಿಗೆ ಬಂದ ನಂತರದ ಸಮಯ, ಓವನ್ನಿನ ಗುಂಡಿ ತಿರುಗಿಸಿದ ಕ್ಷಣದಿಂದಲ್ಲ. ತಟ್ಟೆ ತುಂಬ ಸೀಸವಿದ್ದರೆ ಅದು ಕಾಯುವುದಕ್ಕೇ ಹೊತ್ತು ಬೇಕು.

ಅಗ್ಗದ ಓವನ್ನಿನ ಗುಂಡಿಯನ್ನು ನಂಬಬೇಡಿ, ಒಳಗೊಂದು ತಾಪಮಾಪಕ ಇಡಿ. ಅಪ್ಪಟ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಆದರೆ ಆಂಟಿಮನಿ, ತವರ ಬೆರೆತ ಮಿಶ್ರಣಗಳು 240ರ ಸುಮಾರಿಗೇ ಕರಗತೊಡಗುತ್ತವೆ. ಕಾಯುವ ಸರಳಿನ ನೇರ ಕೆಳಗೆ ನಿಂತ ಗುಂಡು ಆ ಮಟ್ಟ ಮುಟ್ಟಿ ಸೊಟ್ಟಗಾಗುವುದು ಹೀಗೆಯೇ. ಗಾಳಿ ಸುತ್ತಿಸುವ ಫ್ಯಾನ್ ಇರುವ ಓವನ್ ಆದರೆ ಉತ್ತಮ.

ಸರಿಯಾಗಿ ಬೆಂದಿದೆ ಎಂದು ತಿಳಿಯುವುದು ಹೇಗೆ?

ಪ್ರತಿ ತಟ್ಟೆಯಿಂದ ಒಂದು ಗುಂಡನ್ನು ಬಲಿಕೊಡಿ. ತಣ್ಣಗಾದ ಮೇಲೆ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಿಲ್ಲೆಯಾಗುವವರೆಗೆ ಬಡಿಯಿರಿ. ಪೊರೆ ಸೀಸದೊಂದಿಗೆ ಹಿಗ್ಗಬೇಕು. ಅಂಚಿನಲ್ಲಿ ಕೂದಲೆಳೆಯ ಬಿರುಕು ಕ್ಷಮ್ಯ, ಸಿಪ್ಪೆ ಎದ್ದರೆ ಇಡೀ ತಟ್ಟೆ ಅನುಮಾನಾಸ್ಪದ. ಇನ್ನೊಂದು ಗುಂಡನ್ನು ಅಸಿಟೋನ್ ನೆನೆಸಿದ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಹತ್ತಿದರೆ ಬೆಂದಿಲ್ಲ, ಮತ್ತೆ ಓವನ್ನಿಗೆ ಹಾಕಬಹುದು. ಗುಂಡು ಚಂದ ಕಂಡರೆ ಸಾಕು ಎಂದು ಈ ಪರೀಕ್ಷೆ ಬಿಟ್ಟವರ ನಳಿಕೆಯಲ್ಲಿ ಸೀಸದ ಜೊತೆ ಬಣ್ಣವೂ ಸೇರಿಕೊಳ್ಳುತ್ತದೆ.

### ತಾಮ್ರದ ಬಣ್ಣದ ಗೋಜು

ಕೆಂಪು, ಕಪ್ಪು ಸುಲಭವಾಗಿ ಬರುತ್ತವೆ. ತಾಮ್ರದ ಬಣ್ಣ ಮಾತ್ರ ಏಕೆ ಹದಕ್ಕೆ ಬರುವುದಿಲ್ಲ?

ಕೆಂಪು ಪುಡಿಯಲ್ಲಿ ಪ್ರತಿ ಕಣವೂ ಒಂದೇ ತೆರನಾದದ್ದು, ಬಣ್ಣ ಅದರೊಳಗೇ ಬೆರೆತಿರುತ್ತದೆ. ಲೋಹದ ಹೊಳಪಿನ ಪುಡಿಯಲ್ಲಿ ಎರಡು ಬಗೆ: ಅಂಟಿಕೊಳ್ಳುವ ರಾಳದ ಕಣ, ಹೊಳೆಯುವ ಚಕ್ಕೆ. ಬರೀ ಒಣದಾಗಿ ಬೆರೆಸಿದ ಪುಡಿಯಲ್ಲಿ ಇವೆರಡೂ ಬೇರೆಬೇರೆಯಾಗಿ ವಿದ್ಯುದಂಶ ಹೊರುತ್ತವೆ. ಕುಲುಕಿದಾಗ ಒಂದು ಗುಂಡಿಗೆ ಹೋಗುತ್ತದೆ, ಇನ್ನೊಂದು ಡಬ್ಬಿಯಲ್ಲೇ ಉಳಿಯುತ್ತದೆ. ಮೊದಲ ತಟ್ಟೆ ಹೊಸ ಚೊಂಬಿನ ಬಣ್ಣಕ್ಕೆ ಬಂದು, ಅದೇ ಡಬ್ಬಿಯ ನಾಲ್ಕನೆಯ ತಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಕಾರಣ ಇದೇ.

ಚಕ್ಕೆಗಳನ್ನು ಬಿಸಿಯಿಂದ ರಾಳದ ಕಣಕ್ಕೇ ಬೆಸೆದ ಪುಡಿಗಳು ಸಿಗುತ್ತವೆ. ಅಂಗಡಿಯವರನ್ನು ಕೇಳಿ ಅಂಥದನ್ನೇ ಕೊಳ್ಳಿ. ಡಬ್ಬಿಯಲ್ಲಿ ಉಳಿದ ಹಳೆಯ ಪುಡಿಗೆ ಹೊಸದನ್ನು ಸೇರಿಸುತ್ತ ಹೋಗುವ ಬದಲು ಆಗಾಗ ಪೂರ್ತಿ ಬದಲಿಸಿ. ಪುರಾತನ ತಾಮ್ರ ಎಂಬ ಹೆಸರಿನ, ಮೈಯೆಲ್ಲ ಗೆರೆ ಗೆರೆ ಎದ್ದ ಪುಡಿಗಳು ಬಾಗಿಲ ಹಿಡಿಕೆಗೆ ಚೆನ್ನ. ಗುಂಡಿಗೆ ನುಣುಪಾದ, ಒಂದೇ ದಪ್ಪದ ಪೊರೆಯೇ ಬೇಕು.

ಎರಡು ಪದರ ಬಳಿದರೆ ಹೊಳಪು ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ತಾಮ್ರದ ಪದರದ ಮೇಲೆ ಪಾರದರ್ಶಕ ಪದರವೊಂದು ಬಂದರೆ ಚಕ್ಕೆಗಳು ಆಳದಿಂದ ಹೊಳೆದಂತೆ ಕಾಣುತ್ತವೆ. ಜೊತೆಗೆ ದಪ್ಪವೂ ಹೆಚ್ಚುತ್ತದೆ. ಒಂದು ಪದರಕ್ಕೇ ಗುಂಡಿನ ವ್ಯಾಸ ಸುಮಾರು 0.002 ಇಂಚು ಏರುತ್ತದೆ, ಎರಡಾದರೆ ಮೂಗಿನ ಭಾಗವೂ ಉಬ್ಬಿ ಕೋವಿಯ ಗೂಡಿನೊಳಗೆ ಕೂರದೇ ಹೋಗಬಹುದು. ಪ್ರದರ್ಶನಕ್ಕೆ ಇಡುವ ಗುಂಡಲ್ಲವಲ್ಲ, ಒಂದೇ ಪದರ ಸಾಕು ಎಂಬುದು ನನ್ನ ಪಕ್ಷ.

ಕೆಲವು ಗುಂಡು ಕಂದು ಬಣ್ಣಕ್ಕೆ ತಿರುಗಿದವು. ಹಾಳಾದವೇ?

ಹೆಚ್ಚು ಬೆಂದಿವೆ. ಗಾಢವಾದ ಬಣ್ಣಗಳಲ್ಲಿ ಕಾಣದ ಈ ವ್ಯತ್ಯಾಸ ತಾಮ್ರ, ಬಿಳಿ, ಪಾರದರ್ಶಕ ಪುಡಿಗಳಲ್ಲಿ ಎದ್ದು ಕಾಣುತ್ತದೆ. ಸುತ್ತಿಗೆಯ ಪರೀಕ್ಷೆ ಗೆದ್ದರೆ ಧೈರ್ಯವಾಗಿ ಬಳಸಿ.

ನೋಡಲು ಕಾರ್ಖಾನೆಯ ಗುಂಡಿನ ಹಾಗೆಯೇ ಇದೆ. ಅದರ ಲೆಕ್ಕದಲ್ಲೇ ಬಳಸಬಹುದೇ?

ತಾಮ್ರದ ಬಣ್ಣದ ನಿಜವಾದ ಅಪಾಯ ಇಲ್ಲಿದೆ. ತಾಮ್ರದ ಹೊದಿಕೆಯ ಗುಂಡಿಗೂ ಎರಕದ ಗುಂಡಿಗೂ ಕೈಪಿಡಿಯ ಲೆಕ್ಕಗಳು ಬೇರೆ. ಕೆಂಪು ಗುಂಡನ್ನು ಯಾರೂ ಕಾರ್ಖಾನೆಯದೆಂದು ತಿಳಿಯುವುದಿಲ್ಲ. ತಾಮ್ರದ್ದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೆರೆತರೆ ನಿಮಗೇ ಗುರುತು ಹತ್ತದು. ಡಬ್ಬಿಯ ಮೇಲೆ ಎರಕದ್ದು ಎಂದು, ಮಿಶ್ರಣ, ತೂಕ, ವ್ಯಾಸದ ಸಮೇತ ಬರೆದಿಡಿ. ಬೇರೆಬೇರೆ ಕೋವಿಗೆ ಬೇರೆಬೇರೆ ಬಣ್ಣ ಎಂಬ ಪದ್ಧತಿ ಇಟ್ಟುಕೊಂಡವರನ್ನು ನಾನು ಮೆಚ್ಚುತ್ತೇನೆ.

### ಕೈ ಪಳಗಿದವರಿಗೆ

ಅಳತೆಗೆ ಒತ್ತುವುದು ಲೇಪಕ್ಕೆ ಮೊದಲೋ ಆಮೇಲೋ?

ಆಮೇಲೆ. ಲೇಪವಾದ ಗುಂಡನ್ನು ಅಳತೆಯ ಅಚ್ಚಿನ ಮೂಲಕ ತಳ್ಳಿದಾಗ ಪೊರೆಯ ಏರುತಗ್ಗು ಮಟ್ಟವಾಗಿ ವ್ಯಾಸ ನಿಖರವಾಗುತ್ತದೆ. ಕಾರ್ಖಾನೆಯ 9 ಮಿಲಿಮೀಟರ್ ಗುಂಡಿನ ವ್ಯಾಸ 0.355 ಇಂಚು, ಎರಕದ್ದನ್ನು ಸಾಮಾನ್ಯವಾಗಿ 0.356 ಅಥವಾ 0.357ಕ್ಕೆ ಒತ್ತುತ್ತಾರೆ. ಊಹೆ ಬೇಡ. ಮೆದು ಸೀಸದ ಗಟ್ಟಿಯೊಂದನ್ನು ಖಾಲಿ ನಳಿಕೆಯಲ್ಲಿ ಹಾಯಿಸಿ ಅಳೆದರೆ ನಿಮ್ಮ ನಳಿಕೆಯ ನಿಜವಾದ ಅಳತೆ ಸಿಗುತ್ತದೆ. ನಳಿಕೆಗಿಂತ ಸಣ್ಣದಾದ ಗುಂಡನ್ನು ಯಾವ ಲೇಪವೂ ಕಾಪಾಡದು. ಹಾಗೆಯೇ ಗ್ಲಾಕ್ ಪಿಸ್ತೂಲಿನ ಕೈಪಿಡಿ ಹೊದಿಕೆಯಿಲ್ಲದ ಸೀಸದ ಗುಂಡು ಬೇಡವೆನ್ನುತ್ತದೆ, ಬಣ್ಣ ಬಳಿದ ಮಾತ್ರಕ್ಕೆ ಆ ಎಚ್ಚರಿಕೆ ರದ್ದಾಗುವುದಿಲ್ಲ.

ಲೇಪದಿಂದ ಗುಂಡು ರಕ್ಷಾಕವಚವನ್ನೂ ಭೇದಿಸುತ್ತದೆಯಂತೆ, ನಿಜವೇ?

ಇಲ್ಲ. ಈ ಕಟ್ಟುಕಥೆಗೆ ಮೂಲ ಅಮೆರಿಕದ ಕೆಟಿಡಬ್ಲ್ಯು ಎಂಬ ಟೆಫ್ಲಾನ್ ಲೇಪದ ಗುಂಡು. 1982ರಲ್ಲಿ ಎನ್‌ಬಿಸಿ ದೂರದರ್ಶನ ಅದರ ಬಗ್ಗೆ ಕಾರ್ಯಕ್ರಮ ಮಾಡಿದ ಮೇಲೆ ಟೆಫ್ಲಾನ್ ಎಂದರೇ ಭಯ ಹುಟ್ಟಿತು. ಅಲ್ಲಿ ವಿಷಯವಿದ್ದದ್ದು ಒಳಗಿನ ಗಡಸು ಲೋಹದಲ್ಲಿ. ಟೆಫ್ಲಾನ್ ಇದ್ದದ್ದು ಆ ಲೋಹದಿಂದ ನಳಿಕೆ ಸವೆಯದಿರಲೆಂದು. 1986ರ ಕೇಂದ್ರ ಕಾನೂನು ಕೂಡ ಗುಂಡಿನ ಲೋಹವನ್ನು ನೋಡಿ ನಿಷೇಧ ಹೇರಿತೇ ಹೊರತು ಲೇಪವನ್ನಲ್ಲ. ಮೆದು ಸೀಸಕ್ಕೆ ಬಣ್ಣ ಬಳಿದರೆ ಅದು ಬಣ್ಣದ ಮೆದು ಸೀಸ.

ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಬಳಸಬಹುದೇ? ಸೀಸ ಹೊರಗೆ ಕಾಣುವುದೇ ಇಲ್ಲವಲ್ಲ.

ಬಳಸುವಂತಿಲ್ಲ. 2013ರಲ್ಲಿ ಅಂಗೀಕಾರವಾದ ಕಾನೂನು 2019ರ ಜುಲೈ 1ರಿಂದ ಪೂರ್ಣವಾಗಿ ಜಾರಿಗೆ ಬಂದು, ಆ ರಾಜ್ಯದಲ್ಲಿ ವನ್ಯಜೀವಿ ಬೇಟೆಗೆ ಸೀಸರಹಿತ ಮದ್ದುಗುಂಡನ್ನೇ ಕಡ್ಡಾಯ ಮಾಡಿದೆ. ಬೇಟೆಯಾದ ಪ್ರಾಣಿಯ ಅವಶೇಷ ತಿನ್ನುವ ಕಾಂಡೋರ್ ರಣಹದ್ದುಗಳು ಸೀಸದ ಚೂರುಗಳಿಂದ ಸಾಯುತ್ತಿದ್ದುದು ಇದಕ್ಕೆ ದೊಡ್ಡ ಕಾರಣ. 1987ರಲ್ಲಿ ಕಾಡಿನ ಕೊನೆಯ ಕಾಂಡೋರನ್ನು ಹಿಡಿದು ತಂದಾಗ ಲೋಕದಲ್ಲಿ ಉಳಿದಿದ್ದದ್ದು 27 ಹಕ್ಕಿಗಳು. ಗುಂಡು ಮೂಳೆಗೆ ಬಡಿದು ಒಡೆದ ಮೇಲೆ ಪಾಲಿಯೆಸ್ಟರ್ ಪೊರೆ ಏನನ್ನೂ ತಡೆಯುವುದಿಲ್ಲ.

ನೆಂಟರಿಗೆ, ಕ್ಲಬ್ಬಿನವರಿಗೆ ಮಾಡಿ ಮಾರಬಹುದೇ?

ಸ್ವಂತ ಬಳಕೆಗಾದರೆ ಅಮೆರಿಕದ ಕೇಂದ್ರ ಪರವಾನಗಿ ಬೇಡ. ಮಾರಾಟದ ಉದ್ದೇಶದಿಂದ ತಯಾರಿಸಲು 06 ವರ್ಗದ ಪರವಾನಗಿ ಬೇಕು.

ಅಚ್ಚಿನಿಂದ ನೇರ ನೀರಿಗೆ ಬೀಳಿಸಿ ಗಡಸು ಮಾಡಿದ್ದೆ. ಓವನ್ನಿನಿಂದ ಬಂದ ಮೇಲೆ ಮೆದುವಾಗಿವೆ. ಏನು ಮಾಡಲಿ?

200 ಡಿಗ್ರಿಯಲ್ಲಿ ಕೂತ ಸೀಸ ನೀರಿನಿಂದ ಪಡೆದ ಗಡಸುತನವನ್ನು ಬಿಟ್ಟುಕೊಡುತ್ತದೆ. ಓವನ್ನಿನಿಂದ ತೆಗೆದ ಕ್ಷಣದಲ್ಲೇ ತಣ್ಣೀರಿಗೆ ಸುರಿದರೆ ಅದರ ಒಂದು ಪಾಲು ಮರಳುತ್ತದೆ. ಮಿಶ್ರಣದಲ್ಲಿ ಆಂಟಿಮನಿ ಇದ್ದರೆ ಮಾತ್ರ, ಅಪ್ಪಟ ಸೀಸಕ್ಕೆ ನೀರು ತಾಗಿಸಿ ಉಪಯೋಗವಿಲ್ಲ. ಗಡಸುತನ ಕೆಲವು ದಿನಗಳಲ್ಲಿ ನಿಧಾನವಾಗಿ ಏರುವುದರಿಂದ ಅಳತೆಗೆ ಒತ್ತುವ ಕೆಲಸವನ್ನು ಅಂದೇ ಮುಗಿಸಿದರೆ ಕೈಗೆ ಶ್ರಮ ಕಡಿಮೆ. ನೀರಿನ ಬಕೆಟ್ಟನ್ನು ಕರಗಿದ ಸೀಸದ ಪಾತ್ರೆಯಿಂದ ದೂರವಿಡಿ. ಒಂದು ಹನಿ ನೀರು ಕರಗಿದ ಸೀಸದೊಳಗೆ ಸಿಕ್ಕಿಕೊಂಡರೂ ಕ್ಷಣದಲ್ಲಿ ಹಬೆಯಾಗಿ ಪಾತ್ರೆಯ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತದೆ. ಲೇಪ ಕೆಟ್ಟ ಗುಂಡುಗಳನ್ನು ಮರಳಿ ಕರಗಿಸುವಾಗಲೂ ಇದೇ ಎಚ್ಚರ ಇರಲಿ. ಪೊರೆ ಸುಡುವ ಹೊಗೆ ಕಟುವಾಗಿರುತ್ತದೆ, ಆ ಕೆಲಸ ಬಯಲಿನಲ್ಲೇ ಆಗಬೇಕು.